ಸದರಿ ನಾಯಿ

ಫೆಬ್ರವರಿ 24, ಸೋಮವಾರ

ಈ ಡೈರಿ ನನ್ನದಲ್ಲ. ಲಿಫ್ಟ್ ಕಂಪನಿಯವರು ವರ್ಷವರ್ಷವೂ ತಮ್ಮ ಮೆಕ್ಯಾನಿಕ್‌ಗಳಿಗೆ ಕೊಡುವ ಡೈರಿ. ಪ್ರತಿ ಪುಟದ ತುದಿಯಲ್ಲೂ ಪುಟ್ಟದೊಂದು ಲಿಫ್ಟಿನ ಚಿತ್ರ, ಕೆಳಗೆ ‘ಸುರಕ್ಷಿತವಾಗಿ ಮೇಲೇರಿ’ ಎಂಬ ಸಾಲು. ಈ ವರ್ಷವೂ ನನ್ನ ಗಂಡನ ಹೆಸರಿಗೇ ಅಂಚೆಯಲ್ಲಿ ಬಂತು. ಅವರು ನವೆಂಬರಿನಲ್ಲೇ ತೀರಿಕೊಂಡದ್ದು ಕಂಪನಿಯ ಪಟ್ಟಿಗೆ ಇನ್ನೂ ಗೊತ್ತಾಗಿಲ್ಲ.

ಅಕ್ಕ ಫೋನಿನಲ್ಲಿ, “ಮನಸ್ಸಲ್ಲಿ ಇರೋದನ್ನೆಲ್ಲ ಬರಿಯೇ, ಹಗುರಾಗುತ್ತೆ” ಎಂದಳು. ಇಪ್ಪತ್ತೆಂಟು ವರ್ಷದಿಂದ ಬರೆಯುವುದೇ ನನ್ನ ಕೆಲಸ, ಒಂದು ದಿನವೂ ಹಗುರಾದದ್ದಿಲ್ಲ. ಪಶುವೈದ್ಯ ಇಲಾಖೆಯ ಕಾನೂನು ವಿಭಾಗದಲ್ಲಿ ಕೂತು, ಡಾಕ್ಟರುಗಳು ಗೀಚಿ ಕಳಿಸಿದ್ದನ್ನು ನಿಯಮದ ಭಾಷೆಗೆ ತರುತ್ತೇನೆ. ‘ಕಡಿತ’ ಎಂದರೇನು, ‘ನಿಗಾ’ ಎಂದರೇನು, ‘ಒಡೆಯರು’ ಎಂದರೆ ಯಾರು. ಅವರು ಸಂಜೆ ಬಂದು ಷೂ ಬಿಚ್ಚುತ್ತಾ, “ಇವತ್ತು ಯಾವ ಪದವನ್ನ ಕಟ್ಟಿಹಾಕ್ದೆ?” ಎಂದು ಕೇಳುತ್ತಿದ್ದರು. ನಾನು ಉತ್ತರ ಕೊಡುತ್ತಿರಲಿಲ್ಲ. ಕೊಡಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಈಗ ಗಂಟೆ ಐದೂವರೆ. ನಾಯಿ ಗೇಟಿನ ಹತ್ತಿರ ಬಂದು ಕೂತಿದೆ. ಅವರು ಬರುತ್ತಿದ್ದ ಹೊತ್ತು. ಆರೂವರೆಯವರೆಗೆ ಕೂರುತ್ತದೆ, ಆಮೇಲೆ ಎದ್ದು ಶೆಡ್ಡಿನ ಕೆಳಗೆ ಹೋಗಿ ಮಲಗುತ್ತದೆ. ಮೂರು ತಿಂಗಳಿನಿಂದ ಒಂದು ದಿನ ತಪ್ಪಿಸಿಲ್ಲ. ಅವತ್ತು ಅವರನ್ನು ಕೆಲಸದ ಜಾಗದಿಂದ ಆಸ್ಪತ್ರೆಗೆ ಒಯ್ದರು, ಆಸ್ಪತ್ರೆಯಿಂದ ದೇಹ ನೇರ ಸ್ಮಶಾನಕ್ಕೆ ಹೋಯಿತು. ಅವರು ಮನೆಗೆ ಬರಲೇ ಇಲ್ಲ. ಹಾಗಾಗಿ ನಾಯಿಯ ಪಾಲಿಗೆ ಅವರು ಇನ್ನೂ ಕೆಲಸದಲ್ಲೇ ಇದ್ದಾರೆ. ಅದು ಕಾಯುವುದನ್ನು ನೋಡಲು ನನ್ನಿಂದಾಗುವುದಿಲ್ಲ. ಅದೊಂದು ನಿಂತರೆ ಸಾಕು, ನಾನು ಹೇಗೋ ಸುಧಾರಿಸಿಕೊಳ್ಳುತ್ತೇನೆ.

ಅಂದಹಾಗೆ, ಅದು ನಮ್ಮ ನಾಯಿಯಲ್ಲ. ನಾಲ್ಕು ವರ್ಷದ ಹಿಂದೆ ತಾನಾಗಿ ಬಂತು. ಅವರು ಬ್ರೆಡ್ಡು ಹಾಕಿದರು. ನಾನು ಹಾಕಲಿಲ್ಲ.

ಫೆಬ್ರವರಿ 26, ಬುಧವಾರ

ಅವರ ಬಟ್ಟೆಗಳನ್ನು ಇಂದು ಕೊಟ್ಟುಬಿಟ್ಟೆ. ಅಕ್ಕ ತಿಂಗಳಿನಿಂದ ಪ್ರಾಣ ತಿನ್ನುತ್ತಿದ್ದಳು, “ಕಪಾಟು ಖಾಲಿ ಮಾಡು, ತಲೆ ಖಾಲಿಯಾಗುತ್ತೆ” ಎಂದು. ಅಕ್ಕನಿಗೆ ಎಲ್ಲವೂ ಹಗುರಾಗಬೇಕು, ಖಾಲಿಯಾಗಬೇಕು. ತಾನು ಮಾತ್ರ ಹಳೆಯ ಗುಂಡಿಯೊಂದನ್ನೂ ಎಸೆಯುವವಳಲ್ಲ.

ಲಾಂಡ್ರಿಯವನು ಬಂದಿದ್ದ. ಒಳ್ಳೆಯ ಮನುಷ್ಯ, ಹದಿನೈದು ವರ್ಷದಿಂದ ನಮ್ಮ ಬಟ್ಟೆ ಅವನದೇ ಕೈಯಲ್ಲಿ. ಆರು ಷರಟು, ನಾಲ್ಕು ಪ್ಯಾಂಟು, ಆಮೇಲೆ ಆ ನೀಲಿ ಕೋಟು. ಲಿಫ್ಟಿನ ತಳದ ಗುಂಡಿಗೆ ಇಳಿಯುವಾಗಲೂ ಮೇಲೆ ಯಂತ್ರದ ಕೋಣೆಗೆ ಹತ್ತುವಾಗಲೂ ಹಾಕುತ್ತಿದ್ದ ಕೋಟು. ಎಷ್ಟು ಒಗೆದರೂ ಗ್ರೀಸಿನ ವಾಸನೆ ಬಿಡಲಿಲ್ಲ. ಎಡ ಜೇಬಿನಲ್ಲಿ ಚಿಕ್ಕ ಸ್ಕ್ರೂಡ್ರೈವರ್ ಇತ್ತು, ತೆಗೆದಿಟ್ಟುಕೊಂಡೆ. ಬಲ ಜೇಬಿನ ತಳದಲ್ಲಿ ಬಿಸ್ಕತ್ತಿನ ಪುಡಿ.

“ಅಮ್ಮಾ, ಇದನ್ನೂ ಕೊಡ್ತೀರಾ?” ಎಂದ. “ತಗೊಂಡು ಹೋಗು” ಎಂದೆ. ಅವನು ಹೋದಮೇಲೆ ಕಪಾಟಿನ ಬಾಗಿಲು ಹಾಕಿ ಅದಕ್ಕೆ ಒರಗಿ ನಿಂತೆ. ತಲೆಯೇನೂ ಖಾಲಿಯಾಗಲಿಲ್ಲ.

ಮಾರ್ಚ್ 2, ಭಾನುವಾರ

ನಾಯಿ ಲಾಂಡ್ರಿಯವನನ್ನು ಕಚ್ಚಿತು.

ಸಂಜೆ ಐದೂವರೆ. ಅವನು ಬಟ್ಟೆಯ ಗಂಟು ಹೊತ್ತು ಗೇಟು ತೆಗೆದ. ನಾನು ಅಡುಗೆಮನೆಯ ಕಿಟಕಿಯಲ್ಲಿದ್ದೆ. ನಾಯಿ ಎದ್ದದ್ದು ಕಂಡಿತು, ಆಮೇಲೆ ಕೂಗು ಕೇಳಿಸಿತು. ಓಡಿ ಹೋಗುವಷ್ಟರಲ್ಲಿ ಬಟ್ಟೆಯೆಲ್ಲ ನೆಲದ ಮೇಲೆ, ಅವನ ಮಣಿಕಟ್ಟಿನಿಂದ ರಕ್ತ. ಎದುರು ಮನೆಯ ನರ್ಸ್ ಬಂದು ನಲ್ಲಿಯ ಕೆಳಗೆ ಅವನ ಕೈ ಹಿಡಿದು, ಸೋಪು ಹಚ್ಚಿ ಕಾಲು ಗಂಟೆ ತೊಳೆದಳು. ನಿಗಾ ಕೇಂದ್ರದ ರೇಬೀಸ್ ತಡೆ ವ್ಯಾನಿಗೆ ಫೋನು ಮಾಡಿದವಳೂ ಅವಳೇ.

ವ್ಯಾನಿನ ಜೊತೆ ಇನ್‌ಸ್ಪೆಕ್ಟರ್ ಬಂದ. ದಪ್ಪ ಕನ್ನಡಕ, ಅಚ್ಚುಕಟ್ಟು ಮನುಷ್ಯ. ಕೈಯಲ್ಲಿ ಕಡಿತದ ವರದಿಯ ನಾಲ್ಕನೆಯ ನಮೂನೆ. ಅದನ್ನು ಬರೆದವಳು ನಾನು. ಒಂದೊಂದು ಅಂಕಣವೂ ನನಗೆ ಬಾಯಿಪಾಠ.

“ಪ್ರಾಣಿಯ ಒಡೆಯರು ಯಾರು, ಮೇಡಂ?”

“ಇಲ್ಲ.”

“ಕತ್ತಲ್ಲಿ ಪಟ್ಟಿ ಇದೆ. ಇಲ್ಲ ಅಂದ್ರೆ ಈಗ ಮನೇಲಿ ಇಲ್ವಾ, ಅಥವಾ ಯಾರೂ ಇಲ್ವಾ?”

ಒಳ್ಳೆಯ ಪ್ರಶ್ನೆ. “ಯಾರೂ ಇಲ್ಲ” ಎಂದೆ.

“ಕೆರಳಿಸಿದ್ದುಂಟಾ?”

“ಇಲ್ಲ” ಎಂದೆ. ಲಾಂಡ್ರಿಯವನೂ, “ನಾನೇನೂ ಮಾಡ್ಲಿಲ್ಲ ಸ್ವಾಮಿ, ಗೇಟು ತೆಗೆದೆ ಅಷ್ಟೆ” ಎಂದ.

“ಲಸಿಕೆ?”

“ಗೊತ್ತಿಲ್ಲ.”

ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿದೆ. ಅವನು ಕಾಗದ ಮಡಿಸುತ್ತಾ, “ಈ ನಿಯಮಗಳನ್ನ ಯಾರು ಬರೆದರೋ ಗೊತ್ತಿಲ್ಲ ಮೇಡಂ, ಕನ್ನಡಿಯ ಹಾಗಿವೆ. ಮೊದಲಿನವು ಅಯ್ಯೋ, ಒಂದೊಂದು ಸಾಲಿಗೂ ಫೋನು ಮಾಡಿ ಕೇಳಬೇಕಿತ್ತು” ಎಂದ. ನಾನೇ ಬರೆದದ್ದು ಎಂದು ಹೇಳಲಿಲ್ಲ. ಆದರೆ ಸಂತೋಷವಾಯಿತು. ಇಂಥ ಹೊತ್ತಿನಲ್ಲೂ ಸಂತೋಷವಾಯಿತು ಎಂಬುದನ್ನು ಇಲ್ಲಿ ಬರೆದಿಡುತ್ತೇನೆ.

ನಾಯಿ ತಕರಾರು ಮಾಡದೆ ವ್ಯಾನು ಹತ್ತಿತು. ಅದು ಹೋಗುವಾಗ ಆರೂವರೆ ಆಗಿರಲಿಲ್ಲ.

ಮಾರ್ಚ್ 3, ಸೋಮವಾರ

ಕಚೇರಿಗೆ ಹೋಗಿ ಬಂದೆ. ಲಾಂಡ್ರಿಯವನಿಗೆ ಚುಚ್ಚುಮದ್ದು ಶುರುವಾಗಿದೆ, ನರ್ಸ್ ಹೇಳಿದಳು. ಮನೆ ನಿಶ್ಶಬ್ದವಾಗಿದೆ. ಐದೂವರೆಗೆ ಕಿಟಕಿಯಿಂದ ನೋಡಿದರೆ ಗೇಟಿನ ಹತ್ತಿರ ಏನೂ ಇಲ್ಲ. ಇದನ್ನೇ ತಾನೆ ಬೇಡಿಕೊಂಡದ್ದು.

ನಿಯಮ ನನಗೆ ಚೆನ್ನಾಗಿ ಗೊತ್ತು. ಒಡೆಯರಿರುವ ಪ್ರಾಣಿ ಕಚ್ಚಿದರೆ ಹತ್ತು ದಿನ ನಿಗಾ. ಹತ್ತನೆಯ ದಿನ ಆರೋಗ್ಯವಾಗಿದ್ದರೆ ಬಿಡುಗಡೆ. ಒಡೆಯರಿಲ್ಲದ ಪ್ರಾಣಿ ಕೆರಳಿಸದೆ ಕಚ್ಚಿದರೆ ಮೂರು ದಿನ, ಆಮೇಲೆ ವಿಲೇವಾರಿ, ತಲೆ ಪ್ರಯೋಗಾಲಯಕ್ಕೆ. ಕಚ್ಚಿಸಿಕೊಂಡವನ ಜೀವದ ಪ್ರಶ್ನೆ, ನಿಯಮ ತಪ್ಪೇನಲ್ಲ. ವಿಲೇವಾರಿ ಎಂಬ ಪದ ನಾನು ಹಾಕಿದ್ದು. ಕಡತವನ್ನೂ ವಿಲೇವಾರಿ ಮಾಡುತ್ತೇವೆ, ನಾಯಿಯನ್ನೂ ಮಾಡುತ್ತೇವೆ.

‘ಒಡೆಯರು’ ಎಂಬುದರ ವ್ಯಾಖ್ಯೆಯೂ ನನ್ನದೇ: ‘ಪ್ರಾಣಿಯನ್ನು ಸಾಕುವ, ಅದಕ್ಕೆ ಊಟ ಹಾಕುವ, ಅಥವಾ ತನ್ನ ಆವರಣದಲ್ಲಿ ಅದನ್ನು ಇರಗೊಡುವ ಯಾರೇ ವ್ಯಕ್ತಿ.’ ಇರಗೊಡುವ ಎಂಬ ಪದಕ್ಕೆ ಒಂದು ಮಧ್ಯಾಹ್ನವಿಡೀ ಕಳೆದಿದ್ದೆ. ಇರಗೊಟ್ಟವರು ಅವರು. ನಾನು ಇರಗೊಡಲಿಲ್ಲ, ಓಡಿಸಲಿಲ್ಲ ಅಷ್ಟೆ. ಈ ಮೂರು ತಿಂಗಳು ಬ್ರೆಡ್ಡು ಹಾಕಿದ್ದು, ಬ್ರೆಡ್ಡು ಉಳಿಯುತ್ತಿತ್ತು ಎಂದು. ಒಬ್ಬಳಿಗೆ ಒಂದು ಪ್ಯಾಕೆಟ್ಟು ಜಾಸ್ತಿಯಾಗುತ್ತದೆ.

ಅದಕ್ಕೊಂದು ಹೆಸರಿಟ್ಟಿದ್ದರು. ನನ್ನನ್ನು ಗೇಲಿ ಮಾಡಲು ಇಟ್ಟ ಹೆಸರು. ನಾಯಿ ಬಂದ ಮೊದಲ ವಾರ ನಾನು ಕೋಪದಲ್ಲಿ, “ಸದರಿ ನಾಯಿ ಈ ಮನೆಯ ಹೊಸ್ತಿಲು ದಾಟತಕ್ಕದ್ದಲ್ಲ” ಎಂದಿದ್ದೆ. ಕಚೇರಿಯ ಭಾಷೆ ನಾಲಿಗೆಗೆ ಅಂಟಿಕೊಂಡಿರುತ್ತದೆ. ಕಡತದಲ್ಲಿ ಒಮ್ಮೆ ಹೇಳಿದ್ದನ್ನು ಮತ್ತೆ ಹೇಳುವಾಗಲೆಲ್ಲ ‘ಸದರಿ’ ಎಂದೇ ಬರೆಯುವುದು. ಅವರು ಬಿದ್ದು ಬಿದ್ದು ನಕ್ಕರು. ಅಂದಿನಿಂದ ಅದು ‘ಸದರಿ’. “ಸದರೀ, ಬಾರೋ” ಎಂದು ಬೀದಿಗೆಲ್ಲ ಕೇಳುವಂತೆ ಕರೆಯುವರು. “ಹೀಗೆ ಸದರ ಕೊಟ್ಟರೆ ನಾಳೆ ಹಾಸಿಗೆ ಮೇಲೆ ಬರುತ್ತೆ” ಎಂದು ನಾನು ರೇಗಿದರೆ, “ಸದರ ಕೊಟ್ಟಿದ್ದಕ್ಕೇ ತಾನೆ ಸದರಿ” ಎಂದು ಇನ್ನಷ್ಟು ನಗು.

ನಾನು ಆ ಹೆಸರಿನಿಂದ ಒಮ್ಮೆಯೂ ಕರೆದಿಲ್ಲ.

ಮಾರ್ಚ್ 4, ಮಂಗಳವಾರ

ಮಧ್ಯಾಹ್ನ ನಿಗಾ ಕೇಂದ್ರಕ್ಕೆ ಹೋಗಿದ್ದೆ. ಊರಿನ ಆ ತುದಿ, ಎರಡು ಬಸ್ಸು ಬದಲಾಯಿಸಬೇಕು. ನಿಯಮ ಬರೆದು ಮೂರು ವರ್ಷವಾಯಿತು, ಕೇಂದ್ರ ಹೇಗಿದೆಯೆಂದು ಒಮ್ಮೆಯೂ ನೋಡಿರಲಿಲ್ಲ, ನೋಡಬೇಕಾದದ್ದೇ.

ಉದ್ದನೆಯ ಕಟ್ಟಡ, ಎರಡೂ ಕಡೆ ಕಂಬಿಯ ಗೂಡುಗಳು, ನಡುವೆ ನೀರು ಹರಿಯುವ ಕಾಲುವೆ. ‘ಪ್ರತಿ ಗೂಡಿಗೂ ಗಾಳಿ ಬೆಳಕು ಇರತಕ್ಕದ್ದು’ ಎಂದು ಬರೆದಿದ್ದೆ. ಗಾಳಿ ಇದೆ. ಬೆಳಕು ಅಷ್ಟಕ್ಕಷ್ಟೆ. ಬಾಗಿಲು ತೆಗೆದಕೂಡಲೇ ಎಲ್ಲ ನಾಯಿಗಳೂ ಒಟ್ಟಿಗೆ ಬೊಗಳಿದವು. ಏಳನೆಯ ಗೂಡಿನದೊಂದು ಬೊಗಳಲಿಲ್ಲ.

“ಇದು ಹಾಗೇ ಮೇಡಂ” ಎಂದ ಇನ್‌ಸ್ಪೆಕ್ಟರ್. “ಬಾಗಿಲ ಸದ್ದಾದರೆ ಎದ್ದು ಕೂರುತ್ತೆ. ಯಾರು ಅಂತ ನೋಡುತ್ತೆ, ಮತ್ತೆ ಮಲಗುತ್ತೆ. ತಿನ್ನೋದು ಕಡಿಮೆ. ನಿಜವಾಗ್ಲೂ ನಿಮ್ಮ ನಾಯಿ ಅಲ್ವಾ?”

“ಅಲ್ಲ. ಇಲಾಖೆ ಕೆಲಸಕ್ಕೆ ಬಂದಿದ್ದೆ.”

“ಹಾಗಾ. ರೋಗದ ಲಕ್ಷಣ ಏನೂ ಕಾಣಲ್ಲ, ನೀರು ಕುಡೀತಿದೆ. ಒಡೆಯರು ಇದ್ದಿದ್ದರೆ ಉಳೀತಿತ್ತು, ಪಾಪ.”

ನಾಯಿ ಎದ್ದು ಕೂತಿತ್ತು. ನನ್ನನ್ನು ನೋಡಿತು ಎಂದುಕೊಂಡೆ. ನೋಡಲಿಲ್ಲ; ನನ್ನ ಭುಜದ ಹಿಂದೆ, ಬಾಗಿಲ ಕಡೆ ನೋಡುತ್ತಿತ್ತು. ನಾನು ಎರಡು ಬಸ್ಸು ಬದಲಾಯಿಸಿ ಬಂದಿದ್ದೇನೆ, ಅದಕ್ಕೆ ನಾನು ಬಂದದ್ದು ಲೆಕ್ಕಕ್ಕೇ ಇಲ್ಲ. ನನ್ನ ಜೊತೆ ಅವರೂ ಬಂದಿರಬೇಕು ಎಂದು ಕಾಯಿತು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ‘ಬರಲ್ಲ, ನಿನಗೆ ಎಷ್ಟು ಸಲ ಹೇಳಬೇಕು’ ಎಂದು ಕಿರುಚಬೇಕೆನಿಸಿತು. ಒಂದು ಸಲವೂ ಹೇಳಿಲ್ಲ ಎಂಬುದು ಬಸ್ಸಿನಲ್ಲಿ ಕೂತಮೇಲೆ ನೆನಪಾಯಿತು.

ಮನೆಗೆ ಬರುವಾಗ ಐದೂವರೆ. ಗೇಟಿನ ಚಿಲಕ ಬಿಗಿಯಾಗಿದೆ, ಎಣ್ಣೆ ಬಿಡಬೇಕು. ಅದನ್ನೇ ನೋಡುತ್ತಾ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.

ಮಾರ್ಚ್ 5, ಬುಧವಾರ

ಚಿಲಕಕ್ಕೆ ಎಣ್ಣೆ ಬೇಕೆಂದು ಶೆಡ್ಡಿನಲ್ಲಿ ಅವರ ಉಪಕರಣಗಳ ಪೆಟ್ಟಿಗೆ ತೆಗೆದೆ. ನವೆಂಬರಿನಿಂದ ಮುಟ್ಟಿರಲಿಲ್ಲ. ಸ್ಪ್ಯಾನರುಗಳ ಕೆಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಒಂದು ಹಳದಿ ಕಾರ್ಡು.

ಪ್ರಾಣಿ ನೋಂದಣಿ ಮತ್ತು ಲಸಿಕೆ ಕಾರ್ಡು. ನಮೂನೆ ಎರಡು. ಇದೂ ನಾನೇ ಬರೆದ ನಮೂನೆ. ಮೂರು ವರ್ಷದ ಮೂರು ಮೊಹರು. ಕೊನೆಯದು ಕಳೆದ ಅಕ್ಟೋಬರಿನದು. ಪ್ರಾಣಿಯ ಹೆಸರು: ಸದರಿ. ಬಣ್ಣ: ಕಂದು, ಒಂದು ಕಿವಿ ಬಿಳಿ. ಒಡೆಯರ ಹೆಸರು ಎಂಬಲ್ಲಿ ನನ್ನ ಹೆಸರು.

ಅವರ ಕೈಬರಹ. ಇನಿಷಿಯಲ್ ಸಮೇತ ಪೂರ್ತಿ ಹೆಸರು, ನಾನು ಕಚೇರಿಯಲ್ಲಿ ಸಹಿ ಹಾಕುವ ಹಾಗೆಯೇ. ನನ್ನನ್ನು ಕೇಳಿಲ್ಲ, ನನಗೆ ಹೇಳಿಲ್ಲ. ಮೂರು ವರ್ಷ ನಾನು ‘ನಮ್ಮ ನಾಯಿಯಲ್ಲ’ ಎಂದಾಗಲೆಲ್ಲ ಅವರು ಒಳಗೊಳಗೇ ನಗುತ್ತಿದ್ದರು. ಅಥವಾ ನಗುತ್ತಿರಲಿಲ್ಲವೇನೋ. ತನಗಿಂತ ನಾನು ಹೆಚ್ಚು ದಿನ ಇರುತ್ತೇನೆ ಎಂದು ಲೆಕ್ಕ ಹಾಕಿದ್ದರೇನೋ. ಶೆಡ್ಡಿನ ನೆಲದ ಮೇಲೆ ಕೂತು ಅತ್ತೆ. ಆಸ್ಪತ್ರೆಯಲ್ಲೂ ಹೀಗೆ ಅತ್ತಿರಲಿಲ್ಲ.

ಕೇಂದ್ರಕ್ಕೆ ಎರಡು ಸಲ ಫೋನು ಮಾಡಿದೆ, ರಿಂಗಾಗಿ ನಿಂತಿತು. ಐದಕ್ಕೆ ಮುಚ್ಚುತ್ತಾರೆ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ತೆಗೆಯುವ ಹೊತ್ತಿಗೆ ಬಾಗಿಲಲ್ಲಿರುತ್ತೇನೆ. ಕಾರ್ಡು ಇದೆ, ಲಸಿಕೆ ಇದೆ, ಒಡೆಯಳೂ ಇದ್ದಾಳೆ. ಹತ್ತು ದಿನದ ನಿಗಾ, ಅದನ್ನು ಮನೆಯಲ್ಲೇ ಮಾಡಲು ಆರನೆಯ ನಿಯಮದಲ್ಲಿ ಅವಕಾಶವಿದೆ. ಶೆಡ್ಡಿಗೆ ಒಂದು ಬಾಗಿಲು ಹಾಕಿಸಬೇಕು. ಹಳೆಯ ಕಂಬಳಿ ಕಪಾಟಿನ ಮೇಲಿದೆ. ಬ್ರೆಡ್ಡು ತಂದಿದ್ದೇನೆ, ಎರಡು ಪ್ಯಾಕೆಟ್ಟು.

ಮಾರ್ಚ್ 6, ಗುರುವಾರ

ಒಂಬತ್ತಕ್ಕೆ ಐದು ನಿಮಿಷ ಇತ್ತು. ಏಳನೆಯ ಗೂಡನ್ನು ತೊಳೆಯುತ್ತಿದ್ದರು.

“ಡಾಕ್ಟರು ಎಂಟಕ್ಕೇ ಬಂದ್ರು ಮೇಡಂ, ಆಮೇಲೆ ಅವರಿಗೆ ಬೇರೆ ಕಡೆ ಹೋಗಬೇಕಿತ್ತು” ಎಂದ ಇನ್‌ಸ್ಪೆಕ್ಟರ್. ಹಳದಿ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದ. ಕನ್ನಡಕ ತೆಗೆದ. “ಇದನ್ನ ಅವತ್ತೇ ತೋರಿಸಬಾರದಿತ್ತಾ?”

“ಒಂದು ದಿನ ಕಾಯಬಹುದಿತ್ತಲ್ಲ” ಎಂದೆ. “ಮಂಗಳವಾರ ನಾನು ಬಂದಿದ್ದೆ. ಪಾಪ ಅಂತ ನೀವೇ ಅಂದ್ರಿ. ಒಂದು ದಿನ.”

“ನನ್ನ ಕೈಯಲ್ಲಿ ಏನಿದೆ ಮೇಡಂ? ನಿಯಮದಲ್ಲಿ ‘ಮಾಡಬಹುದು’ ಅಂತಿದ್ದಿದ್ದರೆ ಕಾಯ್ತಿದ್ದೆ, ಖಂಡಿತ ಕಾಯ್ತಿದ್ದೆ. ‘ಮೂರು ದಿನಗಳ ತರುವಾಯ ವಿಲೇವಾರಿ ಮಾಡತಕ್ಕದ್ದು’ ಅಂತಿದೆ. ತಕ್ಕದ್ದು ಅಂದಮೇಲೆ ಮುಗೀತು.”

ಹೌದು. ಮುಗಿಯಿತು.

ಮಾರ್ಚ್ 7, ಶುಕ್ರವಾರ

ಕಡತ ತರಿಸಿ ನೋಡಿದೆ. ಡಾಕ್ಟರುಗಳ ಸಮಿತಿ ಪೆನ್ಸಿಲಿನಲ್ಲಿ ಬರೆದು ಕಳಿಸಿದ್ದು: ‘ಮೂರು ದಿನ ಆದ ಮೇಲೆ ಕೊಲ್ಲಬಹುದು.’ ‘ಕೊಲ್ಲ’ ಎಂಬುದನ್ನು ಹೊಡೆದು ‘ವಿಲೇವಾರಿ ಮಾಡ’ ಎಂದು ಬರೆದವಳು ನಾನು. ‘ಬಹುದು’ ಹೊಡೆದು ‘ತಕ್ಕದ್ದು’ ಎಂದು ಬರೆದವಳೂ ನಾನು. ಪಕ್ಕದ ಅಂಚಿನಲ್ಲಿ ಹಸಿರು ಶಾಯಿಯ ಟಿಪ್ಪಣಿ, ನನ್ನದೇ ದುಂಡನೆಯ ಅಕ್ಷರ: ‘ಏಕರೂಪತೆಗಾಗಿ.’

ಹಿಂದಿನ ಹತ್ತೂ ನಿಯಮಗಳು ತಕ್ಕದ್ದು ಎಂದು ಮುಗಿದಿದ್ದವು. ಹನ್ನೊಂದನೆಯದೊಂದು ಬಹುದು ಎಂದು ಮುಗಿದರೆ ಓದಲು ಎಡವಿದ ಹಾಗಾಗುತ್ತದೆ ಎಂದು ಬದಲಾಯಿಸಿದೆ. ಯಾರೂ ಪ್ರಶ್ನಿಸಲಿಲ್ಲ. ಮೂರು ವರ್ಷದಲ್ಲಿ ಎಷ್ಟು ನಾಯಿಗಳೋ.

ಊಟ ಬೇಡವಾಯಿತು.

ಮಾರ್ಚ್ 10, ಸೋಮವಾರ

ಲಾಂಡ್ರಿಯವನು ಬಂದಿದ್ದ. ಕೈಗೆ ಪಟ್ಟಿ. ಅಂಗಳದಲ್ಲಿ ಕೂರಿಸಿ ಚಹಾ ಕೊಟ್ಟೆ. ಮೂರು ಚುಚ್ಚುಮದ್ದು ಆಗಿದೆ, ಇನ್ನೂ ಇವೆ. “ರಿಪೋರ್ಟು ಬರೋವರೆಗೂ ನಮ್ಮನೆಯವಳು ಕಣ್ಣು ಮುಚ್ಚಲ್ಲ ಅಮ್ಮಾ. ನೀರು ಕುಡಿಯೋವಾಗೆಲ್ಲ ನನ್ನ ಗಂಟಲನ್ನೇ ನೋಡ್ತಾಳೆ” ಎಂದು ನಗಲು ನೋಡಿದ. ನನ್ನ ದುಃಖದಲ್ಲಿ ಇವನ ಹೆದರಿಕೆಯನ್ನು ಮರೆತೇಬಿಟ್ಟಿದ್ದೆ. ನಾಚಿಕೆಯಾಯಿತು.

ಚೀಲದಿಂದ ಕೋಟು ತೆಗೆದು ನನ್ನ ಮುಂದಿಟ್ಟ. ನೀಲಿ ಕೋಟು. ಬಲ ತೋಳು ಮೊಣಕೈಯಿಂದ ಮಣಿಕಟ್ಟಿನವರೆಗೆ ಹರಿದಿತ್ತು.

“ಅವತ್ತು ಇದನ್ನ ಹಾಕ್ಕೊಂಡಿದ್ದೆಯಾ?”

“ಹೂಂ ಅಮ್ಮಾ, ಗಾಳಿ ಜೋರಾಗಿತ್ತಲ್ಲ.”

ನಾನು ಕಿಟಕಿಯಿಂದ ನೋಡಿದ್ದೆ. ನೀಲಿ ಬಣ್ಣ ಕಂಡಿದ್ದೆ ಕೂಡ. ಕಂಡದ್ದನ್ನು ಒಳಗೆ ಬಿಟ್ಟುಕೊಂಡಿರಲಿಲ್ಲ.

“ಒಂದು ಮಾತು ಅವತ್ತು ಹೇಳಲಿಲ್ಲ” ಎಂದ. “ಅದು ಮೊದಲು ಕಚ್ಚೋಕೆ ಬರಲಿಲ್ಲ. ಬಾಲ ಆಡಿಸ್ಕೊಂಡು, ಮೈಯೆಲ್ಲ ಕುಣಿಸ್ಕೊಂಡು ಓಡಿ ಬಂತು. ಮೇಲೆ ಹಾರಿ ಜೇಬಿಗೆ ಮೂಗು ಹಾಕ್ತು. ಆಮೇಲೆ ನನ್ನ ಮುಖ ನೋಡ್ತು. ಆಗ ಅದೇನಾಯ್ತೋ, ತೋಳು ಹಿಡ್ಕೊಂಡು ಎಳೆಯೋಕೆ ಶುರು ಮಾಡ್ತು. ಬಿಚ್ಚಿಸೋ ಹಾಗೆ. ನಾನು ಹೆದರಿ ಕೈ ಜಾಡಿಸ್ದೆ, ಹಲ್ಲು ತಾಕ್ತು. ಅಷ್ಟೆ ಅಮ್ಮಾ. ಕೋಪದಿಂದ ಕಚ್ಚಿದ ಹಾಗಿರಲಿಲ್ಲ.”

ನಮೂನೆಯಲ್ಲಿ ‘ಕೆರಳಿಸಿದ್ದು’ ಎಂಬುದಕ್ಕೆ ವ್ಯಾಖ್ಯೆ ಕೊಟ್ಟಿದ್ದೇನೆ: ಹೊಡೆಯುವುದು, ಹೆದರಿಸುವುದು, ಆಹಾರ ಕಸಿಯುವುದು, ಮರಿಗಳನ್ನು ಮುಟ್ಟುವುದು. ಸತ್ತವರ ಕೋಟು ಹಾಕಿಕೊಂಡು ಐದೂವರೆಗೆ ಗೇಟು ತೆಗೆಯುವುದು ಪಟ್ಟಿಯಲ್ಲಿಲ್ಲ. ಕೋಟು ಕೊಟ್ಟವಳು ನಾನು. ಕೆರಳಿಸಿದವಳು ನಾನು. ಕೆರಳಿಸಿಲ್ಲ ಎಂದು ಬರೆಸಿದವಳೂ ನಾನೇ.

“ತಪ್ಪು ನಿನ್ನದಲ್ಲ, ಅವನದೂ ಅಲ್ಲ” ಎಂದೆ. ಲಾಂಡ್ರಿಯವನು ಯಾರ ಬಗ್ಗೆ ಹೇಳುತ್ತಿದ್ದೇನೆ ಎಂದು ಕೇಳಲಿಲ್ಲ. ಇನ್ನೊಂದು ಲೋಟ ಚಹಾ ಕುಡಿದು ಹೋದ.

ಮಾರ್ಚ್ 12, ಬುಧವಾರ

ಇಂದು ಹತ್ತನೆಯ ದಿನ. ಬಿಡುಗಡೆಯ ದಿನ.

ಪ್ರಯೋಗಾಲಯದ ವರದಿ ಇಂದೇ ಇಲಾಖೆಗೆ ಬಂತು. ‘ರೋಗದ ಕುರುಹು ಕಂಡುಬಂದಿಲ್ಲ.’ ಬಸ್ಸಿಗೆ ಕಾಯದೆ ಲಾಂಡ್ರಿಯವರೆಗೆ ನಡೆದೇ ಹೋಗಿ ಹೇಳಿದೆ. ಅವನ ಹೆಂಡತಿ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ನನ್ನ ಎರಡೂ ಕೈ ಹಿಡಿದುಕೊಂಡು ಅತ್ತಳು. ಅವಳು ಸಂತೋಷಕ್ಕೆ ಅತ್ತಳು, ನಾನೂ ಅತ್ತೆ. ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ.

ವರದಿಯ ಕೆಳಗೆ ಪ್ರತಿಗಳ ವಿವರ: ಒಂದು, ಕಚ್ಚಿಸಿಕೊಂಡ ವ್ಯಕ್ತಿಗೆ. ಎರಡು, ಇಲಾಖೆಗೆ. ಮೂರು, ಒಡೆಯರಿಗೆ, ಅದರ ಮುಂದೆ ‘ಅನ್ವಯಿಸುವುದಿಲ್ಲ’ ಎಂದು ಯಾರೋ ಮೊಹರು ಒತ್ತಿದ್ದಾರೆ.

ಮಾರ್ಚ್ 17, ಸೋಮವಾರ

ತಿದ್ದುಪಡಿಯ ಕರಡು ಒಯ್ದೆ. ಮೇಲಧಿಕಾರಿ, “ಮೂರು ವರ್ಷದಿಂದ ಯಾರೂ ಕೇಳಿಲ್ಲ, ಈಗ ಯಾಕಮ್ಮಾ? ಒಂದು ಪ್ರತ್ಯಯದಿಂದ ಏನು ಮುಳುಗಿಹೋಗುತ್ತೆ?” ಎಂದರು. ನಾನು ಕಡತ ಬಿಡಿಸಿ ಹಸಿರು ಶಾಯಿಯ ಟಿಪ್ಪಣಿ ತೋರಿಸಿದೆ, ಆಮೇಲೆ ಹಳದಿ ಕಾರ್ಡು, ಆಮೇಲೆ ವರದಿ. ಅವರು ಮೂರನ್ನೂ ಓದಿದರು. ಸಹಿ ಹಾಕಿದರು.

ಹೀಗಿದೆ: ‘ನಿಯಮ ಹನ್ನೊಂದರಲ್ಲಿ “ಮಾಡತಕ್ಕದ್ದು” ಎಂಬ ಪದದ ಬದಲಿಗೆ “ಮಾಡಬಹುದು” ಎಂಬ ಪದವನ್ನು ಪ್ರತಿಯೋಜಿಸತಕ್ಕದ್ದು.’ ಬಹುದು ಎಂದು ಬರೆಯುವುದಕ್ಕೂ ತಕ್ಕದ್ದೇ ಬೇಕು. ಅವರಿದ್ದಿದ್ದರೆ ಎಷ್ಟು ನಗುತ್ತಿದ್ದರು. ಇವತ್ತು ಯಾವ ಪದವನ್ನು ಬಿಚ್ಚಿಬಿಟ್ಟೆ ಎಂದು ಹೇಳಲು ಮನೆಯಲ್ಲಿ ಯಾರೂ ಇರಲಿಲ್ಲ. ಗೇಟಿನ ಹತ್ತಿರ ನಿಂತು ಜೋರಾಗಿಯೇ ಹೇಳಿದೆ. ಎದುರು ಮನೆಯ ನರ್ಸ್ ಕೈಬೀಸಿದಳು.

ಮಾರ್ಚ್ 19, ಬುಧವಾರ

ಒಡೆಯರ ಪ್ರತಿ ಕೊಡಿ ಎಂದು ಕೇಂದ್ರಕ್ಕೆ ಅರ್ಜಿ ಒಯ್ದಿದ್ದೆ. ಗುಮಾಸ್ತೆ ಚೂಟಿಯಾದ ಹುಡುಗಿ. ಪೆನ್ನು ಹಿಡಿದು ಸಾಲುಸಾಲಾಗಿ ಓದಿದಳು. ‘ಸದರಿ ನಾಯಿ ಸದರಿಯ ಒಡೆಯಳಾದ ನಾನು’ ಎಂಬಲ್ಲಿ ನಿಂತಳು.

“ಮೇಡಂ, ಇಲ್ಲಿ ‘ಸದರಿ’ ಎರಡು ಸಲ ಬಂದಿದೆ. ಒಂದನ್ನ ಹೊಡೆದು ಹಾಕ್ಲಾ?”

“ಬೇಡ.”

“ತಪ್ಪು ಅಂತ ವಾಪಸ್ ಕಳಿಸ್ತಾರೆ.”

“ತಪ್ಪಲ್ಲಮ್ಮ. ಮೊದಲನೆಯದು ಕಾನೂನು. ಎರಡನೆಯದು ಅವನ ಹೆಸರು.”

ಅವಳಿಗೆ ನಗು ಬಂತು, ನನ್ನ ಮುಖ ನೋಡಿ ನಿಲ್ಲಿಸಿಕೊಂಡಳು. “ಚೆನ್ನಾಗಿದೆ ಹೆಸರು” ಎಂದಳು. “ನೀವು ಇಟ್ಟಿದ್ದಾ?”

“ನಾವಿಬ್ಬರೂ ಸೇರಿ” ಎಂದೆ.

ಪಕ್ಕದ ಬಾಗಿಲಿನಿಂದ ಇನ್‌ಸ್ಪೆಕ್ಟರ್ ಬಂದು ಮೊಹರು ಒತ್ತಿಕೊಟ್ಟ. ಸದರಿಯ ಕತ್ತಿನ ಪಟ್ಟಿಯೂ ಒಂದು ಲಕೋಟೆಯಲ್ಲಿತ್ತು; “ಯಾರಾದರೂ ಬಂದರೆ ಅಂತ ಇಟ್ಟುಕೊಂಡಿದ್ದೆ ಮೇಡಂ” ಎಂದ ಇನ್‌ಸ್ಪೆಕ್ಟರ್.

ಮಾರ್ಚ್ 21, ಶುಕ್ರವಾರ

ಕೋಟಿನ ತೋಳನ್ನು ಹೊಲಿದೆ. ಹೊಲಿಗೆ ನೆಟ್ಟಗೆ ಬಂದಿಲ್ಲ. ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದೇನೆ, ಬಲ ಜೇಬಿನಲ್ಲಿ ಕತ್ತಿನ ಪಟ್ಟಿ. ಅಕ್ಕ ಫೋನು ಮಾಡಿದ್ದಳು, “ಸಂಜೆ ಹೊತ್ತು ಎಲ್ಲಿರ್ತೀಯೇ, ಐದೂವರೆಗೆ ಯಾವತ್ತು ಮಾಡಿದರೂ ಎತ್ತಲ್ಲ” ಎಂದಳು. ಹೌದೇ ಎಂದು ಕೇಳಿದೆ. ನನಗೆ ಗೊತ್ತೇ ಇರಲಿಲ್ಲ. ಗಿಡಕ್ಕೆ ನೀರು ಹಾಕ್ತಿರ್ತೀನಿ ಎಂದೆ.

ಇಂದೂ ಗೇಟಿನ ಹತ್ತಿರ ಇದ್ದೆ. ಚಿಲಕ ಈಗ ಸದ್ದು ಮಾಡುವುದಿಲ್ಲ. ಆರೂವರೆಯವರೆಗೆ ನಿಂತಿದ್ದೆ. ಇಬ್ಬರೂ ಬರಲಿಲ್ಲ. ಒಳಗೆ ಬಂದು ದೀಪ ಹಾಕಿದೆ.